ಹಿತ್ತಲಿನ ಗಾಲ್ಫ್

ಗಾಲ್ಫ್ ಎಂದೊಡನೆ ಬೆಂಗಳೂರಿಗರಿಗೆ ನೆನಪಾಗುವುದು 1876ರಲ್ಲಿ ಸ್ಥಾಪನೆಯಾದ, ಹೈಗ್ರೌಂಡ್ಸ್‌ನ ಗಾಲ್ಫ್ ಕ್ಲಬ್. ಹದಿನೆಂಟು ಕುಳಿಗಳಿಗೆ ಎಕರೆಗಟ್ಟಲೆ ನೆಲ ಬೇಕು. ಯಲಹಂಕದ ಮನೆಯೊಂದರ ಹಿತ್ತಲಲ್ಲಿ, ತೆಂಗಿನ ಮರಗಳ ನಡುವೆ ಮೂರು ಕುಳಿ ತೋಡಿದರೆ ಅದೂ ಗಾಲ್ಫೇ?

ಹೌದು. 1744ರಲ್ಲಿ ಲಿಖಿತ ನಿಯಮಗಳನ್ನು ಕಂಡ ಸ್ಕಾಟ್ಲೆಂಡಿನ ಲೀತ್ ಮೈದಾನದಲ್ಲಿ ಇದ್ದದ್ದು ಐದೇ ಕುಳಿ! ಅಲ್ಲಿಯದೇ ಸೇಂಟ್ ಆಂಡ್ರ್ಯೂಸ್‌ನಲ್ಲಿ ಹೋಗುತ್ತ ಹನ್ನೊಂದು, ಅದೇ ದಾರಿಯಲ್ಲಿ ಬರುತ್ತ ಹನ್ನೊಂದು ಆಡುತ್ತಿದ್ದರು. 1764ರಲ್ಲಿ ಮೊದಲ ನಾಲ್ಕನ್ನು ಎರಡಾಗಿಸಿದಾಗ, ಮರಳುವಾಗಲೂ ಎರಡು ಕಡಿಮೆಯಾಗಿ 18 ಉಳಿಯಿತು. ಆ ಸಂಖ್ಯೆಯ ಮಹಿಮೆ ಇಷ್ಟೇ.

ಇನ್ನು ಅಪ್ಪ-ಮಗಳ ಪಂದ್ಯ. ದುರ್ಬಲರಿಗೆ ಕೆಲವು ಹೊಡೆತಗಳ ರಿಯಾಯಿತಿ ಕೊಡುವ ಹ್ಯಾಂಡಿಕ್ಯಾಪ್ ಪದ್ಧತಿ ಇಲ್ಲಿಗೂ ಸಲ್ಲುತ್ತದೆ. ಕುಳಿಯ ಅಗಲ 1891ರಿಂದ ನಾಲ್ಕೂಕಾಲು ಅಂಗುಲ. ಅದಕ್ಕೆ ಜಾಗ ಸಿಕ್ಕೀತು. ಸಿಗದಿರುವುದು, ಆರ್.ಟಿ. ನಗರದಂಥ ಬಡಾವಣೆಗಳಲ್ಲಿ, ಹಿತ್ತಲು.