ಯುದ್ಧವಿಮಾನದ ಪೈಲಟ್ ಆಗಬೇಕಾ? ಪಿಯುಸಿಯಲ್ಲಿ ಗಣಿತ ಬಿಡಬೇಡಿ

ಹಳಿಯಾಳ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತೆಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಮನೆಗಳಲ್ಲಿ ಒಂದೇ ಮಾತು. ಮಗಳನ್ನು ಸೈನ್ಸ್‌ಗೆ ಹಾಕೋದಾ, ಕಾಮರ್ಸಿಗಾ, ಆರ್ಟ್ಸಿಗಾ? ಕಾಲೇಜು ದೂರ, ಬಸ್ಸಿನ ಟೈಮಿಂಗ್ ಸರಿ ಇಲ್ಲ, ಟ್ಯೂಷನ್ ಖರ್ಚು ಬೇರೆ ಅಂತ ಎಷ್ಟೋ ಹೆಣ್ಣುಮಕ್ಕಳು ಗಣಿತ ಬಿಟ್ಟುಬಿಡುತ್ತಾರೆ. ಆದರೆ ವಾಯುಪಡೆಯ ಪೈಲಟ್ ಆಗುವ ದಾರಿ ತೆರೆಯೋದೂ, ಮುಚ್ಚೋದೂ ಆ ಒಂದು ವಾರದಲ್ಲೇ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇಲ್ಲದಿದ್ದರೆ ಆಮೇಲೆ ಯಾವ ಡಿಗ್ರಿ ಮಾಡಿದರೂ ವಾಯುಪಡೆಯ ಫ್ಲೈಯಿಂಗ್ ವಿಭಾಗಕ್ಕೆ ಅರ್ಜಿ ಹಾಕಲು ಆಗಲ್ಲ.

ಇದೇನು ದೂರದ ಕನಸಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, 2018ರ ಜೂನ್‌ನಲ್ಲಿ ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಿಂದ ಅಧಿಕಾರಿಯಾಗಿ ಹೊರಬಂದರು. ದಕ್ಷಿಣ ಭಾರತದ ಮೊದಲ ಮಹಿಳಾ ಫೈಟರ್ ಪೈಲಟ್ ಎಂಬ ಹೆಸರು ಅವರದು. ಅದಕ್ಕೆ ಎರಡು ವರ್ಷ ಮೊದಲು, 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳಾಗಿದ್ದರು. ಅವರು ಹಾಕ್ ವಿಮಾನದಲ್ಲಿ ಕೈ ಪಳಗಿಸಿಕೊಂಡಿದ್ದು ನಮ್ಮ ಬೀದರ್‌ನಲ್ಲೇ. ಹೆಲಿಕಾಪ್ಟರ್, ಸಾಗಣೆ ವಿಮಾನಗಳಲ್ಲಿ ಮಹಿಳೆಯರು 1990ರ ದಶಕದಿಂದಲೇ ಇದ್ದಾರೆ. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಚೀತಾ ಹೆಲಿಕಾಪ್ಟರ್ ಹಾರಿಸಿದ್ದರು. ಫೈಟರ್‌ಗೆ ಮಹಿಳೆಯರನ್ನು ತೆಗೆದುಕೊಳ್ಳುವ ಯೋಜನೆ ಮೊದಲು ಪ್ರಯೋಗ ಅಂತಲೇ ಇತ್ತು. 2022ರಲ್ಲಿ ಅದನ್ನು ಕಾಯಂ ಮಾಡಲಾಯಿತು.

ಜೋಯಿಡಾದವರಿಗೆ ಇನ್ನೊಂದು ಹತ್ತಿರದ ವಿಷಯ. ಗಡಿ ದಾಟಿ ಗೋವಾಕ್ಕೆ ಹೋದರೆ ದಾಬೋಲಿಯ ಐಎನ್ಎಸ್ ಹಂಸಾದಲ್ಲಿ ನೌಕಾಪಡೆಯ ಮಿಗ್-29ಕೆ ಫೈಟರ್‌ಗಳಿವೆ. 2019ರ ಡಿಸೆಂಬರ್‌ನಲ್ಲಿ ಶಿವಾಂಗಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದರು, 2025ರ ಜುಲೈನಲ್ಲಿ ಆಸ್ಥಾ ಪೂನಿಯಾ ಫೈಟರ್ ವಿಭಾಗಕ್ಕೆ ಆಯ್ಕೆಯಾದ ಮೊದಲ ಮಹಿಳೆ. ಭೂಸೇನೆಯ ಹೆಲಿಕಾಪ್ಟರ್ ದಳದಲ್ಲಿ 2022ರಲ್ಲಿ ಕ್ಯಾಪ್ಟನ್ ಅಭಿಲಾಷಾ ಬರಾಕ್ ಮೊದಲಿಗರು.

ಪಿಯುಸಿ ಮುಗಿಸಿದವರಿಗೆ ಎನ್‌ಡಿಎ

ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ, ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕ ಇಲ್ಲ. ಗಣಿತ 300 ಅಂಕ, ಸಾಮಾನ್ಯ ಸಾಮರ್ಥ್ಯ 600 ಅಂಕ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆಯೇ ಹುಡುಗಿಯರಿಗೆ ಈ ಬಾಗಿಲು ತೆರೆದಿದ್ದು. ಮೊದಲ ಬ್ಯಾಚಿನ 17 ಮಂದಿ 2025ರ ಮೇ 30ರಂದು ಖಡಕ್‌ವಾಸ್ಲಾದಿಂದ ಪಾಸಾಗಿ ಹೊರಬಂದರು.

ಆದರೆ ಲೆಕ್ಕ ನೋಡಿ. ಇತ್ತೀಚಿನ ಅಧಿಸೂಚನೆಗಳಲ್ಲಿ ವಾಯುಪಡೆಯ ಫ್ಲೈಯಿಂಗ್ ಸೀಟು 92. ಅದರಲ್ಲಿ ಹೆಣ್ಣುಮಕ್ಕಳಿಗೆ 2. ಇಡೀ ದೇಶಕ್ಕೆ ಎರಡು! ಕೋಚಿಂಗ್ ಸೆಂಟರ್‌ಗಳ ಬ್ಯಾನರ್‌ನಲ್ಲಿ ಈ ಸಂಖ್ಯೆ ಕಾಣಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಒಂದೆರಡು ವರ್ಷ ಮೊದಲೇ ಸಿದ್ಧರಾಗಬೇಕು.

ಡಿಗ್ರಿ ಮುಗಿಸಿದವರಿಗೆ ಎಎಫ್‌ಕ್ಯಾಟ್

ಹೆಚ್ಚು ಜನರಿಗೆ ನಿಜವಾಗಿ ಸಿಗುವ ದಾರಿ ಇದು. ವಯಸ್ಸು 20ರಿಂದ 24. ಯಾವುದೇ ಪದವಿಯಲ್ಲಿ ಶೇ 60, ಜೊತೆಗೆ ಪಿಯುಸಿಯ ಗಣಿತ ಮತ್ತು ಭೌತಶಾಸ್ತ್ರದಲ್ಲಿ ತಲಾ ಶೇ 50 ಅಂಕ ಬೇಕು. ಅಂದರೆ ಪಿಯುಸಿ ಸೈನ್ಸ್ ಮಾಡಿ ಆಮೇಲೆ ಬಿಕಾಂ ಓದಿದವರೂ ಹಾಕಬಹುದು, ಎಂಜಿನಿಯರಿಂಗೇ ಆಗಬೇಕು ಅಂತಿಲ್ಲ. ಇಲ್ಲೂ ಫ್ಲೈಯಿಂಗ್‌ಗೆ ಹೆಣ್ಣುಮಕ್ಕಳ ಸೀಟು ಕಡಿಮೆಯೇ. ಎನ್‌ಸಿಸಿ ಏರ್ ವಿಂಗ್ 'ಸಿ' ಸರ್ಟಿಫಿಕೇಟ್ ಇದ್ದವರು ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನಕ್ಕೆ ಹೋಗಬಹುದು. ಆರ್ಮಿ ವಿಂಗ್ ಸರ್ಟಿಫಿಕೇಟ್ ಇದಕ್ಕೆ ನಡೆಯಲ್ಲ.

ಎರಡು ದಾರಿಗೂ ದೊಡ್ಡ ವ್ಯತ್ಯಾಸ ಇದೆ. ಎನ್‌ಡಿಎಯಲ್ಲಿ ಕಾಯಂ ನೌಕರಿ. ಎಎಫ್‌ಕ್ಯಾಟ್‌ನಲ್ಲಿ ಫ್ಲೈಯಿಂಗ್‌ಗೆ ಹೋದರೆ 14 ವರ್ಷ ಅಷ್ಟೇ. ಪಿಂಚಣಿಗೆ ಸಾಮಾನ್ಯವಾಗಿ 20 ವರ್ಷ ಸೇವೆ ಬೇಕು, ಹಾಗಾಗಿ ಮೂವತ್ತೆಂಟರ ಸುಮಾರಿಗೆ ಬೇರೆ ದಾರಿ ನೋಡಿಕೊಳ್ಳಬೇಕಾಗುತ್ತದೆ. ಮನೆಯವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇನ್ನೊಂದು ಮಾತು: 25 ವರ್ಷದೊಳಗಿನವರು ಅವಿವಾಹಿತರಾಗಿರಬೇಕು, ತರಬೇತಿ ಮುಗಿಯೋವರೆಗೂ ಮದುವೆ ಇಲ್ಲ. ಡಿಗ್ರಿ ಮುಗಿದ ಕೂಡಲೇ ಗಂಡು ನೋಡುವ ಮನೆಗಳಲ್ಲಿ ಹುಡುಗಿ ಪರೀಕ್ಷೆಗಿಂತ ಮುಂಚೆ ಗೆಲ್ಲಬೇಕಾದದ್ದು ಅಪ್ಪ-ಅವ್ವನನ್ನು.

ದುಡ್ಡಿನ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಖಾಸಗಿ ಫ್ಲೈಯಿಂಗ್ ಸ್ಕೂಲಿನಲ್ಲಿ ಲಕ್ಷಗಟ್ಟಲೆ ಕಟ್ಟಿ ಲೈಸೆನ್ಸ್ ತಗೊಳ್ಳಬೇಕಾಗಿಲ್ಲ. ವಿಮಾನ ಹಾರಿಸುವುದನ್ನು ವಾಯುಪಡೆಯೇ ಕಲಿಸುತ್ತದೆ. ಎಎಫ್‌ಕ್ಯಾಟ್‌ನಲ್ಲಿ ಆಯ್ಕೆಯಾದವರಿಗೆ ತರಬೇತಿಯಲ್ಲಿ ಒಂದು ವರ್ಷ ತಿಂಗಳಿಗೆ 56,100 ರೂ. ಸ್ಟೈಪೆಂಡ್ ಕೊಡುತ್ತಾರೆ. ಅಗ್ನಿವೀರಳಾಗಿ ಸೇರಿದರೆ ಹಾಗೇ ಪೈಲಟ್ ಆಗಬಹುದು ಅನ್ನೋದೂ ತಪ್ಪು. ಪೈಲಟ್‌ಗಳೆಲ್ಲ ಅಧಿಕಾರಿಗಳು, ಅವರ ಆಯ್ಕೆಯೇ ಬೇರೆ.

ಅರ್ಜಿಗೆ ಮೊದಲು ಅಳತೆ

ಎತ್ತರ ಕನಿಷ್ಠ 162.5 ಸೆಂ.ಮೀ., ಅಂದರೆ ಐದಡಿ ನಾಲ್ಕಿಂಚು. ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗಿರಬೇಕು, ಯಾಕಂದರೆ ಕಾಕ್‌ಪಿಟ್‌ನಲ್ಲಿ ಪೆಡಲ್ ಎಟುಕಬೇಕು. ದೂರದ್ದು ಕಾಣದೆ ಕನ್ನಡಕ ಹಾಕುವವರು ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ, ಅಧಿಸೂಚನೆಯ ನಿಯಮ ಓದಿ. ಹಚ್ಚೆಗೂ ನಿರ್ಬಂಧ ಇದೆ. ಬುಡಕಟ್ಟು ಸಮುದಾಯದವರ ಸಂಪ್ರದಾಯದ ಹಚ್ಚೆಗೆ ವಿನಾಯ್ತಿ ಉಂಟು, ಕೊನೆಯ ತೀರ್ಮಾನ ಆಯ್ಕೆ ಮಂಡಳಿಯದು.

ಹತ್ತನೇ ಕ್ಲಾಸಿಗಿಂತ ಮುಂಚೆಯೇ ಯೋಚಿಸುವವರಿಗೆ ಧಾರವಾಡ ದಾಟಿದರೆ ಕಿತ್ತೂರು. ಅಲ್ಲಿ 1969ರಿಂದ ಕಿತ್ತೂರು ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ವಸತಿ ಶಾಲೆ ಇದೆ, ಆರನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ವಿಜಯಪುರ, ಕೊಡಗಿನ ಸೈನಿಕ ಶಾಲೆಗಳಲ್ಲೂ ಈಗ ಹುಡುಗಿಯರಿಗೆ ಸೀಟಿದೆ.

ಎಎಫ್‌ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಹೊತ್ತಿಗೆ ಬಿಡುತ್ತಾರೆ. ಸಂದರ್ಶನಕ್ಕೆ ಮೈಸೂರಿನಲ್ಲೇ ಆಯ್ಕೆ ಮಂಡಳಿ ಇದೆ, ಹುಬ್ಬಳ್ಳಿಯಿಂದ ರೈಲು ಸಿಗುತ್ತದೆ. ಅಲ್ಲಿ ನಡೆಯುವ ಕಂಪ್ಯೂಟರ್ ಪೈಲಟ್ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ, ಫೇಲಾದರೆ ಮತ್ತೆ ಕೂರಿಸಲ್ಲ. ಸಿದ್ಧತೆ ಇಲ್ಲದೆ ನೋಡೋಣ ಅಂತ ಹೋಗಬೇಡಿ. ಮೊದಲ ಸಲ ಸಂದರ್ಶನಕ್ಕೆ ಹೋದವರಿಗೆ ಪ್ರಯಾಣದ ಖರ್ಚು ವಾಪಸ್ ಕೊಡುತ್ತಾರೆ, ರೈಲು-ಬಸ್ಸಿನ ಟಿಕೆಟ್ ಎಸೆಯದೆ ಇಟ್ಟುಕೊಳ್ಳಿ.