ತೊಂಬತ್ತಾರು ಗಂಟೆ ಬದುಕಿದ ಮೀನು

ನೀರಿಗೆ ಸೇರಿದ ವಸ್ತುವೊಂದು ಎಷ್ಟು ವಿಷಕಾರಿ ಎಂದು ಅಳೆಯಲು ವಿಜ್ಞಾನಿಗಳು ಬಹುಕಾಲದಿಂದ ಬಳಸುತ್ತಾ ಬಂದಿರುವ ವಿಧಾನವೊಂದಿದೆ. ತೊಟ್ಟಿಗಳಲ್ಲಿ ಮೀನು ಬಿಟ್ಟು, ಆ ವಸ್ತುವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ನಾಲ್ಕು ದಿನ ಅಂದರೆ 96 ಗಂಟೆ ಕಾಯುವುದು. ಯಾವ ಪ್ರಮಾಣದಲ್ಲಿ ಅರ್ಧದಷ್ಟು ಮೀನು ಸಾಯುತ್ತವೆಯೋ ಅದೇ ವಿಷದ ಅಳತೆ. ಖರ್ಚು ಕಡಿಮೆ, ಫಲಿತಾಂಶ ಬೇಗ. ಆದರೆ ಐದನೆಯ ದಿನ ಏನಾಯಿತು, ಉಳಿದ ಮೀನು ಬೆಳೆಯಿತೇ, ಮೊಟ್ಟೆ ಇಟ್ಟಿತೇ, ಮರಿಗಳು ಬದುಕಿದವೇ ಎಂದು ಈ ಪರೀಕ್ಷೆ ಕೇಳುವುದಿಲ್ಲ. ಕ್ರೋಮಿಯಂ ಎಂಬ ಲೋಹದ ಲವಣಗಳ ಮಟ್ಟಿಗೆ ಕೇಳದೆ ಬಿಟ್ಟ ಈ ಪ್ರಶ್ನೆಗಳೇ ಮುಖ್ಯ. ಅವುಗಳನ್ನು ಕೇಳುವ ಪ್ರಸಂಗ ಬಂದದ್ದು ಅಣುಬಾಂಬಿನ ಕಾರ್ಖಾನೆಯೊಂದರಿಂದ ಎಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

1943ರಲ್ಲಿ ಅಮೆರಿಕ ಸರಕಾರ ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿಯ ದಂಡೆಯಲ್ಲಿ, ಹ್ಯಾನ್‌ಫರ್ಡ್ ಎಂಬಲ್ಲಿ ಗುಟ್ಟಾಗಿ ಅಣುಸ್ಥಾವರಗಳನ್ನು ಕಟ್ಟತೊಡಗಿತು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಇಲ್ಲಿಯೇ. ಕಾದ ಸ್ಥಾವರವನ್ನು ತಣಿಸಲು ನಿಮಿಷಕ್ಕೆ ಲಕ್ಷ ಲೀಟರಿಗೂ ಹೆಚ್ಚು ನದಿನೀರನ್ನು ಒಳಗೆ ಹಾಯಿಸಿ, ಸ್ವಲ್ಪ ಹೊತ್ತು ತಡೆದಿಟ್ಟು, ಮತ್ತೆ ನದಿಗೇ ಬಿಡುತ್ತಿದ್ದರು. ಕೊಲಂಬಿಯಾ ಸಾಲ್ಮನ್ ಮೀನಿನ ನದಿ. ವಿಕಿರಣದಿಂದ ಮೀನು ಸತ್ತರೆ ಗುಟ್ಟೂ ರಟ್ಟಾಗುತ್ತದೆ, ಜನರೂ ಏಳುತ್ತಾರೆ ಎಂಬ ಭಯ ಅಧಿಕಾರಿಗಳದು. ಹಾಗಾಗಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೀನುಗಾರಿಕಾ ತಜ್ಞ ಲಾರೆನ್ ಡೊನಾಲ್ಡ್‌ಸನ್ ಅವರಿಗೆ ಮೀನುಗಳ ಮೇಲೆ ವಿಕಿರಣದ ಪರಿಣಾಮ ಪರೀಕ್ಷಿಸುವ ಕೆಲಸ ಒಪ್ಪಿಸಲಾಯಿತು. ಅವರ ಶಿಷ್ಯ ರಿಚರ್ಡ್ ಫಾಸ್ಟರ್ 1945ರಲ್ಲಿ ಹ್ಯಾನ್‌ಫರ್ಡ್‌ಗೇ ಬಂದು, ಸ್ಥಾವರದಿಂದ ಹೊರಬಂದ ನೀರನ್ನು ನದಿನೀರಿನೊಂದಿಗೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ತೊಟ್ಟಿಗಳಲ್ಲಿ ಮೀನುಮರಿ ಸಾಕತೊಡಗಿದರು.

ಮರಿಗಳಿಗೆ ತೊಂದರೆಯಾಗಿದ್ದು ನಿಜ. ಆದರೆ ಮುಖ್ಯ ಕಾರಣ ಎಲ್ಲರೂ ಹೆದರಿದ್ದ ವಿಕಿರಣವಾಗಿರಲಿಲ್ಲ. ನೀರಿನ ಬಿಸಿ ಒಂದು ಕಾರಣ. ಇನ್ನೊಂದು, ಸ್ಥಾವರದೊಳಗಿನ ಅಲ್ಯೂಮಿನಿಯಂ ಕೊಳವೆಗಳು ಸವೆಯದಿರಲೆಂದು ಲೀಟರಿಗೆ ಸುಮಾರು 2 ಮಿಲಿಗ್ರಾಂನಂತೆ ಸೇರಿಸುತ್ತಿದ್ದ ಸೋಡಿಯಂ ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಲವಣ. ಯಾವ ಗುಟ್ಟೂ ಇಲ್ಲದ, ಪೇಟೆಯಲ್ಲಿ ಚೀಲದ ಲೆಕ್ಕದಲ್ಲಿ ಸಿಗುವ ರಾಸಾಯನಿಕ! ಫಾಸ್ಟರ್ ಮತ್ತು ಓಲ್ಸನ್ ಮುಂದೆ ಈ ಲವಣವೊಂದನ್ನೇ ತೆಗೆದುಕೊಂಡು ತಿಂಗಳುಗಟ್ಟಲೆ ಪರೀಕ್ಷೆ ನಡೆಸಿದರು. 1956ರ ಅವರ ವರದಿಯಂತೆ ಚಿನೂಕ್ ಸಾಲ್ಮನ್ ಮತ್ತು ರೇನ್‌ಬೋ ಟ್ರೌಟ್ ಮರಿಗಳ ಬೆಳವಣಿಗೆ ಕುಂಠಿತವಾಗಲು ಲೀಟರಿಗೆ 20 ಮೈಕ್ರೊಗ್ರಾಂ ಆಸುಪಾಸಿನ ಕ್ರೋಮಿಯಂ ಸಾಕಾಗಿತ್ತು. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೊಗ್ರಾಂ. ಈ ಮರಿಗಳು ಹೊಟ್ಟೆ ಮೇಲಾಗಿ ತೇಲಲಿಲ್ಲ. ತಮ್ಮ ಓರಗೆಯವಕ್ಕಿಂತ ಗಿಡ್ಡಾಗಿ ಉಳಿದವು, ಅಷ್ಟೇ. ನದಿಯಲ್ಲಿ ಗಿಡ್ಡಾಗಿ ಉಳಿದ ಮರಿ ದೊಡ್ಡ ಮೀನಿನ ಬಾಯಿಗೆ ಬೀಳುತ್ತದೆ. ಅದರ ಸಾವು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇದರ ಗುಟ್ಟು ಕ್ರೋಮಿಯಂನ ಎರಡು ರೂಪಗಳಲ್ಲಿದೆ. ಮೂರು ವೇಲೆನ್ಸಿಯ ಕ್ರೋಮಿಯಂ ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟಲಾರದು. ಆರು ವೇಲೆನ್ಸಿಯ ಕ್ರೋಮೇಟ್ ಮಾತ್ರ ಆಕಾರದಲ್ಲಿ ಸಲ್ಫೇಟನ್ನು ಹೋಲುತ್ತದೆ. ಸಲ್ಫೇಟ್ ಜೀವಕ್ಕೆ ಬೇಕಾದದ್ದು. ಅದಕ್ಕೆಂದು ತೆರೆದ ಬಾಗಿಲಲ್ಲಿ ಕ್ರೋಮೇಟೂ ನುಸುಳುತ್ತದೆ. ಕಿವಿರಿನ ಮೂಲಕ ಒಳಹೊಕ್ಕು, ಕೋಶದೊಳಗೆ ಮೂರು ವೇಲೆನ್ಸಿಗೆ ಇಳಿಯುವಾಗ ಡಿಎನ್ಎಯನ್ನೂ ಕೋಶದ ಇತರ ಭಾಗಗಳನ್ನೂ ಕೆಡಿಸುತ್ತದೆ. ಚಿನೂಕ್ ಮರಿಗಳನ್ನು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಇಂತಹ ನೀರಿನಲ್ಲಿಟ್ಟು ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವುಗಳ ಮೂತ್ರಪಿಂಡ ಹಾಳಾಗಿದ್ದು ಕಂಡುಬಂತು.

ಈ ನಡುವೆ 1976ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಡುಯೇನ್ ಬೆನಾಯ್ಟ್ ಪ್ರಕಟಿಸಿದ ಪ್ರಯೋಗ ಲೆಕ್ಕವನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ನಾಲ್ಕು ದಿನದ ಪರೀಕ್ಷೆಯಲ್ಲಿ ಅರ್ಧದಷ್ಟು ಬ್ರೂಕ್ ಟ್ರೌಟ್ ಮೀನು ಸಾಯಲು ಲೀಟರಿಗೆ 59,000 ಮೈಕ್ರೊಗ್ರಾಂ ಕ್ರೋಮಿಯಂ ಬೇಕಾಯಿತು. ಅದೇ ಮೀನನ್ನು 22 ತಿಂಗಳು ಸಾಕಿ ನೋಡಿದಾಗ ಸಹಿಸಬಹುದಾದ ಮಿತಿ 200ರಿಂದ 350ರ ನಡುವೆ ಎಲ್ಲೋ ಬಂದು ನಿಂತಿತು. ಎಲ್ಲಿಯ 59,000, ಎಲ್ಲಿಯ 200! ಎಳೆಯ ಮರಿಗಳ ಬೆಳವಣಿಗೆಯಂತೂ ಇದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲೇ ಹಿಂದೆ ಬಿತ್ತು. ಕಾಲಾನಂತರ ಅವು ಅದನ್ನು ಸರಿದೂಗಿಸಿಕೊಂಡವು ಎಂಬುದನ್ನೂ ಹೇಳಬೇಕು. ಇಂತಹ ಪ್ರಯೋಗಗಳ ಆಧಾರದ ಮೇಲೆ ಸಿಹಿನೀರಿನ ಜೀವಿಗಳು ದೀರ್ಘಕಾಲ ತಾಳಬಲ್ಲ ಮಿತಿಯನ್ನು ಅಮೆರಿಕ ಲೀಟರಿಗೆ 11 ಮೈಕ್ರೊಗ್ರಾಂ ಎಂದು ಇಟ್ಟುಕೊಂಡಿದೆ. ಹ್ಯಾನ್‌ಫರ್ಡಿನಲ್ಲಿ ನದಿನೀರನ್ನು ಹೀಗೆ ಹಾಯಿಸುತ್ತಿದ್ದ ಸ್ಥಾವರಗಳು 1971ರ ಹೊತ್ತಿಗೆ ಮುಚ್ಚಿದವು. ನೆಲಕ್ಕೆ ಇಳಿದ ಡೈಕ್ರೋಮೇಟ್ ಮಾತ್ರ ಅಂತರ್ಜಲದೊಂದಿಗೆ ಸಾಲ್ಮನ್ ಮೊಟ್ಟೆಯಿಡುವ ಗರಸು ಮಣ್ಣಿನತ್ತ ಹರಿಯುತ್ತಲೇ ಇತ್ತು. ಆ ನೀರನ್ನು ಮೇಲೆತ್ತಿ ಶುದ್ಧೀಕರಿಸುವ ಕೆಲಸ ದಶಕಗಳಿಂದ ನಡೆದಿದೆ.

ಈ ಲವಣ ನಮಗೂ ಅಪರಿಚಿತವಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ 1970ರ ದಶಕದಿಂದ ಕಾರ್ಖಾನೆಯೊಂದು ಇದನ್ನೇ ತಯಾರಿಸುತ್ತಿತ್ತು. ಮುಖ್ಯ ಗಿರಾಕಿಗಳು ಸುತ್ತಲಿನ ಚರ್ಮ ಹದ ಮಾಡುವವರು. ಕಾರ್ಖಾನೆ ಮುಚ್ಚಿದಾಗ ಹಿಂದೆ ಉಳಿದದ್ದು ಲಕ್ಷ ಟನ್ನಿಗೂ ಮಿಕ್ಕಿದ ಕ್ರೋಮಿಯಂ ತ್ಯಾಜ್ಯದ ಗುಡ್ಡೆ. ಅದರ ಬಳಿಯಲ್ಲೇ ಪಾಲಾರ್ ನದಿ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಹಾದು, ಆಂಧ್ರದ ಮೂಲೆಯೊಂದನ್ನು ಮುಟ್ಟಿ, ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಮೂಲಕ ಸಮುದ್ರಕ್ಕೆ ಹೋಗುವ ನದಿ.

ಈ ಸೀಮೆಯಲ್ಲಿ ಚರ್ಮ ಹದ ಮಾಡುವುದು ಬಹಳ ಹಳೆಯ ಕಸುಬು. ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಿದ್ದರು. ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ. ಅದನ್ನು 1903ರ ಸುಮಾರಿಗೆ ಮದರಾಸಿನಲ್ಲಿ ಪ್ರಯೋಗಿಸಿದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದವರೂ ಇವರೇ. ಆದರೂ ಪಾಲಾರ್ ದಂಡೆಯಲ್ಲಿ ಕ್ರೋಮಿಯಂ ಆಳತೊಡಗಿದ್ದು 1970ರ ದಶಕದ ನಂತರ. ಅರೆ ಹದದ ಚರ್ಮದ ರಫ್ತಿಗೆ ಕೇಂದ್ರ ಸರಕಾರ ಕಡಿವಾಣ ಹಾಕಿ, ಸಿದ್ಧ ಚರ್ಮ ಮತ್ತು ಚಪ್ಪಲಿ, ಬೂಟುಗಳನ್ನೇ ರಫ್ತು ಮಾಡಿರೆಂದು ಒತ್ತಾಯಿಸಿತು. ಈ ಉದ್ಯಮ ಕಟ್ಟಿದವರಲ್ಲಿ ಮುಸ್ಲಿಂ ವರ್ತಕರು ಬಹಳ. ಸುಣ್ಣದ ಗುಂಡಿಗಿಳಿದು ಕೈಕಾಲು ಸುಟ್ಟುಕೊಂಡವರು ಹೆಚ್ಚಾಗಿ ದಲಿತರು ಮತ್ತು ಬಡ ಮುಸ್ಲಿಮರು. ಡಾಲರ್ ತಂದ ಉದ್ಯಮವೆಂದು ಹೊಗಳಿದವರೂ ನದಿ ಕೆಡಿಸಿದ ಉದ್ಯಮವೆಂದು ತೆಗಳಿದವರೂ ಈ ದುಡಿಯುವವರನ್ನು ಮರೆತದ್ದೇ ಹೆಚ್ಚು.

ಹದ ಮಾಡಲು ಬಳಸುವುದು ಮೂರು ವೇಲೆನ್ಸಿಯ ಕ್ರೋಮಿಯಂ, ಅದು ನಿರುಪದ್ರವಿ ಎಂಬ ವಾದವಿದೆ. ಅರ್ಧ ಸತ್ಯ ಇದು. ಅದರ ವಿಷ ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮೂರು ವೇಲೆನ್ಸಿಯ ಲವಣ ತಯಾರಾಗುವುದೇ ಆರು ವೇಲೆನ್ಸಿಯ ಡೈಕ್ರೋಮೇಟಿನಿಂದ. ರಾಣಿಪೇಟೆಯ ಗುಡ್ಡೆ ಆ ಲೆಕ್ಕದ ಬಾಕಿ.

1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ವೆಲ್ಲೂರಿನ ನಾಗರಿಕರ ಅರ್ಜಿಯ ಮೇಲೆ ತೀರ್ಪು ನೀಡಿ, ಪ್ರತಿ ಟ್ಯಾನರಿಗೂ 10,000 ರೂಪಾಯಿ ದಂಡ ವಿಧಿಸಿತು. ಕೆಡಿಸಿದವನೇ ತೆರಬೇಕು ಎಂಬ ತತ್ವವನ್ನು ಈ ನೆಲದ ಕಾನೂನೆಂದು ಸಾರಿತು. ಸುಮಾರು 35,000 ಹೆಕ್ಟೇರ್ ಭೂಮಿ ಸಾಗುವಳಿಗೆ ಯೋಗ್ಯವಲ್ಲದಂತಾದದ್ದು, ಬಾವಿಗಳು ಕೆಟ್ಟದ್ದು ಆ ತೀರ್ಪಿನಲ್ಲಿ ದಾಖಲಾಗಿದೆ. ಸಾಮೂಹಿಕ ಶುದ್ಧೀಕರಣ ಘಟಕಗಳು ಬಲಗೊಂಡವು. 2015ರ ಜನವರಿಯಲ್ಲಿ ರಾಣಿಪೇಟೆಯ ಅಂತಹುದೇ ಘಟಕವೊಂದರ ಕೆಸರಿನ ತೊಟ್ಟಿ ಒಡೆದು, ರಾತ್ರಿ ಪಕ್ಕದಲ್ಲೇ ಮಲಗಿದ್ದ 10 ಮಂದಿ ಕಾರ್ಮಿಕರು ಸತ್ತರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಾಲಾರ್ ವಿಷಯದಲ್ಲಿ ಮತ್ತೆ ಆದೇಶ ನೀಡಬೇಕಾಯಿತು.

ನಮ್ಮ ಪರಿಸರ ನಿಯಮಗಳ ಪ್ರಕಾರ ನದಿ, ಕೆರೆಗೆ ಬಿಡುವ ತ್ಯಾಜ್ಯನೀರಿನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಲೀಟರಿಗೆ 100 ಮೈಕ್ರೊಗ್ರಾಂ ತನಕ ಇರಬಹುದು. ನದಿಗೆ ಸೇರಿದ ಮೇಲೆ ಅದು ತೆಳುವಾಗುತ್ತದೆ ಎಂಬುದು ಈ ಅಂಕೆಯ ಹಿಂದಿರುವ ನಂಬಿಕೆ. ಹ್ಯಾನ್‌ಫರ್ಡಿನ ಎಂಜಿನಿಯರುಗಳೂ ಹಾಗೆಯೇ ನಂಬಿದ್ದರು. ಅವರ ಕೈಯಲ್ಲಿ ಕೊಲಂಬಿಯಾದಂತಹ ಮಹಾನದಿಯಾದರೂ ಇತ್ತು. ಪಾಲಾರ್ ವರ್ಷದ ಬಹುಪಾಲು ಮರಳಿನ ಬಯಲು. ಮಳೆ ಕೈಹಿಡಿದ ವರ್ಷ ಮಾತ್ರ ಅದು ಹರಿಯುತ್ತದೆ. 2021ರ ನವೆಂಬರಿನಲ್ಲಿ ದಂಡೆ ಮೀರಿ ಹರಿದಂತೆ. ಹೊಸನೀರಿಗೆ ಮೀನು ಹತ್ತಿ ಮೊಟ್ಟೆಯಿಡುವುದು ನಮ್ಮ ಹಳ್ಳಿಗರೆಲ್ಲ ಬಲ್ಲ ಸಂಗತಿ. ಹರಿವು ನಿಂತ ಮೇಲೆ ಮರಿಗಳು ಉಳಿಯುವುದು ಮರಳಿನ ನಡುವಿನ ಗುಂಡಿಗಳಲ್ಲಿ. ಅಲ್ಲಿ ನೀರು ದಿನದಿನಕ್ಕೆ ಇಂಗುತ್ತದೆ, ಅದರಲ್ಲಿ ಸೇರಿಕೊಂಡ ಲವಣ ದಿನದಿನಕ್ಕೆ ದಟ್ಟವಾಗುತ್ತದೆ. ಮರಿಗಳು ಬೆಳೆಯಬೇಕಾದ ತಿಂಗಳುಗಳೂ ಅವೇ.