ಹಿಂದಿನ ಗಾಲಿಯ ದಾರಿ

ಮಾಣಿ ಎಂಬ ಊರು ನಿಮ್ಮಲ್ಲಿ ಹೆಚ್ಚಿನವರಿಗೆ ಒಂದು ತಿರುವಾಗಿ ಮಾತ್ರ ಪರಿಚಯವಿರಬೇಕು. ಮಂಗಳೂರಿನಿಂದ ಪೂರ್ವಕ್ಕೆ ಪಾಣೆಮಂಗಳೂರು, ಕಲ್ಲಡ್ಕಗಳನ್ನು ದಾಟಿ ಮೂವತ್ತೈದು ಕಿಲೋಮೀಟರಿನ ಆಸುಪಾಸು ಸಾಗಿದರೆ ಸಿಗುವ ಈ ಊರಿನಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ಉಪ್ಪಿನಂಗಡಿಯ ಮೇಲೆ ಹಾದು ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನ, ಬೆಂಗಳೂರುಗಳ ಕಡೆಗೆ ಹೋಗುತ್ತದೆ. ಇನ್ನೊಂದು ಪುತ್ತೂರು, ಸುಳ್ಯ, ಸಂಪಾಜೆಗಳನ್ನು ಹಾದು ಮಡಿಕೇರಿಯನ್ನೇರಿ ಮೈಸೂರಿಗೆ ಇಳಿಯುತ್ತದೆ. ಪ್ರಯಾಣಿಕನಿಗೆ ಅದು ಬಸ್ಸು ಒಂದು ಗಳಿಗೆ ನಿಂತು ಹೊರಡುವ ಜಾಗ. ನನಗಾದರೋ ಅದು ಹುಟ್ಟಿದ ಊರು. ನನ್ನ ಮನೆತನದ ಮೂರು ತಲೆಮಾರು ಆ ಕವಲುದಾರಿಯ ಬದಿಯಲ್ಲೇ ಬಾಳಿತು. ಇಂದು ನಾನು ಹೇಳಹೊರಟಿರುವುದು ಆ ದಾರಿಯಲ್ಲಿ ಭಾರ ಎಳೆದವರ ಕಥೆಯನ್ನು.

ಕನ್ನಡದ ಮೇಷ್ಟ್ರಾದುದರಿಂದ ಮೊದಲು ಒಂದು ಮಾತಿನ ಬೆನ್ನು ಹತ್ತುತ್ತೇನೆ. ‘ಹೇರು’ ಎಂಬುದು ನಮ್ಮ ಹಳೆಯ ಮಾತು. ಹಳಗನ್ನಡದಲ್ಲಿ ಅದು ‘ಪೇಱು’. ಶಾಸನಗಳಲ್ಲಿ ಸುಂಕದ ಪ್ರಸ್ತಾಪ ಬಂದಲ್ಲೆಲ್ಲ ಎತ್ತಿನ ಹೇರು, ಬಂಡಿ, ತಲೆಹೊರೆಗಳ ಮಾತು ಬರುತ್ತದೆ. ಹೆಜ್ಜುಂಕ, ವಡ್ಡರಾವುಳ ಎಂಬ ತೆರಿಗೆಗಳ ಹೆಸರು ಬರುತ್ತದೆ. ದಾನ ಕೊಟ್ಟ ಅರಸನ ಹೆಸರಿದೆ, ಕಲ್ಲು ಕೆತ್ತಿದವನ ಹೆಸರೂ ಎಷ್ಟೋ ಕಡೆ ಇದೆ. ಆ ಹೇರನ್ನು ಹೊಡೆದುಕೊಂಡು ಬಂದವನ ಹೆಸರು ಮಾತ್ರ ಕಾಣುವುದು ಅಪರೂಪ. ವಚನಕಾರರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದಾನೆ, ಸುಂಕ ವಸೂಲು ಮಾಡುವ ಸುಂಕದ ಬಂಕಣ್ಣನಿದ್ದಾನೆ. ಬಂಡಿ ಹೊಡೆಯುವವನ ದನಿಯನ್ನು ನಾನು ಬಹಳ ದಿನ ಹುಡುಕಿದೆ. ನನ್ನ ಓದಿಗೆ ದಕ್ಕಲಿಲ್ಲ. ಅದು ನನ್ನ ಮನೆಯ ಜಗಲಿಯಲ್ಲೇ ಕುಳಿತಿತ್ತೆಂಬುದು ತಿಳಿಯುವ ಹೊತ್ತಿಗೆ ತಡವಾಗಿತ್ತು.

ಕೊಡಗು 1834ರಲ್ಲಿ ಬ್ರಿಟಿಷರ ಕೈಸೇರಿ, ಮುಂದೆ ಘಟ್ಟದ ಮೇಲೆ ಕಾಫಿ ತೋಟಗಳು ಹಬ್ಬಿದ ಮೇಲೆ ನಮ್ಮ ದಾರಿಯ ಭಾಗ್ಯ ಬದಲಾಯಿತು. ಹೇರೆತ್ತುಗಳು ಸಾಗುತ್ತಿದ್ದ ಘಾಟಿಗಳು ಬಂಡಿಗೆ ತೆರೆದುಕೊಂಡವು. ಕಾಫಿಯನ್ನು ಹದಮಾಡಿ ಹಡಗಿಗೇರಿಸುವ ಕೆಲಸ ಮಂಗಳೂರಿನಲ್ಲಿ ನಡೆಯುತ್ತಿದ್ದುದರಿಂದ ಬಂಡಿಗಳು ಸಾಲುಸಾಲಾಗಿ ಇಳಿದವು. ಉಪ್ಪು, ಒಣಮೀನು, ಹೆಂಚುಗಳನ್ನು ಹೊತ್ತು ಹಿಂದಿರುಗಿದವು. ನನ್ನ ಅಜ್ಜ ಈ ಬಂಡಿಸಾಲಿನಲ್ಲಿ ನಡೆದವರು. ರಾತ್ರಿಯ ಹೊತ್ತು ಅಚ್ಚಿನ ಕೆಳಗೆ ಲಾಟೀನು ತೂಗಾಡುತ್ತಿತ್ತಂತೆ. ಎಲ್ಲಕ್ಕಿಂತ ಮುಂದಿನ ಬಂಡಿಯವನೊಬ್ಬ ಎಚ್ಚರವಾಗಿದ್ದರೆ ಸಾಕು, ಉಳಿದವರು ಮೂಟೆಗಳ ಮೇಲೆ ಒರಗಿ ನಿದ್ದೆ ತೆಗೆಯುತ್ತಿದ್ದರು. ಎತ್ತುಗಳು ಮುಂದಿನ ಬಂಡಿಯ ಹಿಂದೆ ತಾವಾಗಿ ನಡೆಯುತ್ತಿದ್ದವು. ಇಳಿಜಾರು ಬಂದಾಗ ಮಾತ್ರ ಎಲ್ಲರೂ ಇಳಿದು, ಗಾಲಿಗೆ ಮರದ ಕಟ್ಟೆ ಅಡ್ಡಕೊಟ್ಟು, ಹಗ್ಗ ಹಿಡಿದು ನಡೆಯಬೇಕು. ಒಂದು ಬಂಡಿಯ ಅಚ್ಚು ಮುರಿದರೆ ಆ ಒಂದು ಬಂಡಿ ನಿಲ್ಲುತ್ತಿತ್ತು, ಸಾಲು ಮುಂದೆ ಹೋಗುತ್ತಿತ್ತು. ಭಾರ ಹತ್ತು ಕಡೆ ಹಂಚಿಹೋಗಿತ್ತು. ಹೊಣೆಯೂ ಹತ್ತು ಜನರಲ್ಲಿ ಹಂಚಿಹೋಗಿತ್ತು. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಮಂಗಳೂರಿಗೆ ದಕ್ಷಿಣದಿಂದ ರೈಲು ಬಂದದ್ದು 1907ರಲ್ಲಿ. ಆದರೆ ಘಟ್ಟ ಹತ್ತಿ ಹಾಸನವನ್ನು ಮುಟ್ಟುವ ರೈಲು ಬರಲು 1979ರ ತನಕ ಕಾಯಬೇಕಾಯಿತು. ಆ ಎಪ್ಪತ್ತೆರಡು ವರ್ಷ ಘಟ್ಟಕ್ಕೂ ಕಡಲಿಗೂ ನಡುವಣ ಸರಕೆಲ್ಲ ರಸ್ತೆಯನ್ನೇ ನಂಬಿತ್ತು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿ. ಪಿ. ಸಿ., ಮೋಟಾರು ಓಡಿಸಲು ತೊಡಗಿತು. ಬಂಡಿಗಳ ನಡುವೆ ಲಾರಿಗಳು ಕಾಣಿಸಿಕೊಂಡವು. 1954ರ ಬಳಿಕ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಬಂದ ಮೇಲೆ ಬಂಡಿಸಾಲು ಕರಗಿಯೇಹೋಯಿತು. ನನ್ನ ಬಾಲ್ಯದಲ್ಲಿ, ಎಂದರೆ ಅರವತ್ತರ ದಶಕದಲ್ಲಿ, ಅಜ್ಜನ ಬಂಡಿಯ ಗಾಲಿಯೊಂದು ಹಟ್ಟಿಯ ಗೋಡೆಗೆ ಒರಗಿ ನಿಂತಿತ್ತು. ಸೋದರಮಾವ ‘ಬೆಂಜ್’ ಲಾರಿಯ ಚಾಲಕರಾಗಿದ್ದರು. ಅಜ್ಜನ ಕಾಲದ ಬಂಡಿಸಾಲೊಂದರ ಭಾರವನ್ನು ಮಾವ ಒಬ್ಬರೇ, ಒಬ್ಬ ಕ್ಲೀನರ್ ಹುಡುಗನ ಜತೆಯಲ್ಲಿ ಸಾಗಿಸುತ್ತಿದ್ದರು.

ಪಣಂಬೂರಿನಲ್ಲಿ ಕಟ್ಟಿದ ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಸರಕು ಹೆಚ್ಚಿತು, ಲಾರಿ ಉದ್ದವಾಯಿತು. ಮುಂದೆ ಎಳೆಯುವ ಯಂತ್ರ, ಹಿಂದೆ ಅದಕ್ಕೆ ಕೀಲಿನಿಂದ ಸೇರಿದ ಟ್ರೇಲರ್. ಮಾವ ಅದನ್ನೂ ಕಲಿತರು. 1986ರಲ್ಲಿ ಒಂದು ದಿನ ಕೊಡಗಿನ ಕಡೆಯಿಂದ ಉದ್ದನೆಯ ದಿಮ್ಮಿಗಳನ್ನು ಹೇರಿಕೊಂಡು ಪುತ್ತೂರು ರಸ್ತೆಯಿಂದ ಬಂದವರು ಮಾಣಿಯಲ್ಲಿ ಎಡಕ್ಕೆ, ಮಂಗಳೂರಿನತ್ತ ತಿರುಗಿಸಿದರು. ತಿರುವಿನ ಒಳಬದಿಯಲ್ಲಿ ಸೈಕಲ್ಲು ಹಿಡಿದು ನಿಂತಿದ್ದ ಹುಡುಗನೊಬ್ಬನ ಕಾಲಿನ ಮೇಲೆ ಟ್ರೇಲರಿನ ಹಿಂಗಾಲಿ ಹಾಯಿತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ವೇಗವೇ ಕಾರಣವೆಂದು ಊರೆಲ್ಲ ಮಾತಾಡಿತು.

ನಾನು ಆಗತಾನೆ ಕಾಲೇಜಿನ ಕೆಲಸಕ್ಕೆ ಸೇರಿದ್ದೆ. ರಜೆಯಲ್ಲಿ ಮನೆಗೆ ಬಂದವನು ಓದಿದವನ ಗತ್ತಿನಿಂದ, “ಮಾವ, ಸ್ವಲ್ಪ ನಿಧಾನ ಬರಬಹುದಿತ್ತಲ್ಲ?” ಎಂದು ಕೇಳಿದೆ. ಅವರು ಬಹಳ ಹೊತ್ತು ಅಂಗಳವನ್ನೇ ನೋಡುತ್ತ ಕುಳಿತು, “ನಿಧಾನವೇ ಬಂದದ್ದು ಮಾರಾಯ. ನಿಧಾನ ಬಂದರೆ ಹಿಂದಿನ ಗಾಲಿ ಒಳಗೇ ಬರುತ್ತದೆ” ಎಂದರು. ತುಳುವಿನಲ್ಲಿ ಆಡಿದ ಮಾತು. ಕನ್ನಡಕ್ಕೆ ತಂದದ್ದು ನಾನು. ನನಗದು ತಪ್ಪು ಮುಚ್ಚಿಕೊಳ್ಳುವ ಮಾತಿನಂತೆ ಕೇಳಿಸಿತು. ನಾಲ್ಕು ವರ್ಷದ ಮೇಲೆ ಅವರ ಮೇಲಿನ ಆರೋಪ ಬಿದ್ದುಹೋಯಿತು. ಆದರೆ ಅವರು ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ. ಆ ಹುಡುಗನ ಮನೆಗೆ ಪ್ರತಿ ವರ್ಷ ಒಂದು ಮೂಟೆ ಅಕ್ಕಿ ಕಳಿಸುತ್ತಿದ್ದರೆಂಬುದು ಅವರು ತೀರಿಕೊಂಡ ಮೇಲೆ ನಮಗೆ ತಿಳಿಯಿತು.

ಅವರ ಮಾತಿನ ಅರ್ಥ ನನಗಾದದ್ದು ಬಹು ದೂರದಲ್ಲಿ. ಮುಂದೆ ಕೆಲವು ವರ್ಷ ನಾನು ಜಮಖಂಡಿಯಲ್ಲಿ ಪಾಠ ಹೇಳಿದೆ. ಕೃಷ್ಣಾ, ಘಟಪ್ರಭಾ ನದಿಗಳ ನಡುವಣ ಆ ನಾಡು ಕಬ್ಬಿನ ಸೀಮೆ. ಕಾರ್ಖಾನೆಗಳು ಕಬ್ಬು ನುರಿಸುವ ಕಾಲದಲ್ಲಿ ಒಂದೊಂದು ಟ್ರ್ಯಾಕ್ಟರು ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು, ಬಾಲ ಮಿಸುಕಾಡುವ ಹಾವಿನಂತೆ ರಸ್ತೆಯ ಮೇಲೆ ಹರಿಯುತ್ತದೆ. ಒಂದು ಸಂಜೆ ಊರಬಾಗಿಲ ತಿರುವಿನಲ್ಲಿ ಅಂಥದೊಂದು, ನಡೆದುಹೋಗುವವನ ವೇಗದಲ್ಲಿ, ತಿರುಗುವುದನ್ನು ನೋಡುತ್ತ ನಿಂತಿದ್ದೆ. ಟ್ರ್ಯಾಕ್ಟರಿನ ಗಾಲಿ ಮೂಲೆಯ ಕಲ್ಲಿನಿಂದ ಒಂದಾಳುದ್ದ ದೂರ ಹಾಯಿತು. ಮೊದಲ ಟ್ರೇಲರ್ ಒಂದು ಮೊಳ ದೂರದಲ್ಲಿ ಹಾಯಿತು. ಎರಡನೆಯದರ ಗಾಲಿ ಸೀದಾ ಕಲ್ಲನ್ನೇ ಹತ್ತಿ ಇಳಿಯಿತು. ಚಾಲಕ ಇಳಿದು ಬಂದು ನೋಡಿ ನಕ್ಕ: “ಮುಂದಿಂದು ನನ್ನ ಕೈಯಾಗ ಐತ್ರಿ ಸರ, ಹಿಂದಿಂದು ದೇವರ ಕೈಯಾಗ.” ನನಗೆ ನಗು ಬರಲಿಲ್ಲ. ಮಾವನ ಅಂಗಳ ಕಣ್ಣಮುಂದೆ ಬಂತು.

ಸಂಗತಿ ಸರಳ. ಎಳೆಯಿಸಿಕೊಳ್ಳುವ ಗಾಲಿ ಎಳೆಯುವ ಗಾಲಿಯ ಜಾಡಿನಲ್ಲಿ ನಡೆಯುವುದಿಲ್ಲ; ತಿರುವಿನ ಒಳಬದಿಗೆ ಕತ್ತರಿಸಿಕೊಂಡು ನಡೆಯುತ್ತದೆ. ವಾಹನ ಉದ್ದವಾದಷ್ಟೂ, ಕೀಲಿನ ಹಿಂದೆ ಕೀಲು ಸೇರಿದಷ್ಟೂ ಅದು ಒಳಸರಿಯುತ್ತದೆ. ನಿಧಾನದ ತಿರುವಿನಲ್ಲಿ ಈ ಒಳಸರಿತ ಹೆಚ್ಚು. ವೇಗದಲ್ಲಿ ಬಾಲ ಹೊರಕ್ಕೆ ಬೀಸುತ್ತದೆ. ಮೊದಲನೆಯದು ಕೊಂಚ ಓಲಾಡಿದರೆ ಎರಡನೆಯದು ಅದಕ್ಕಿಂತ ಹೆಚ್ಚು ಓಲಾಡುತ್ತದೆ. ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಿನದನ್ನು ನೂಕುತ್ತದೆ. ಆಗ ಗಾಬರಿಯಿಂದ ಬ್ರೇಕು ಒತ್ತಿದರೆ ಗಾಡಿ ಕೀಲಿನಲ್ಲಿ ಮಡಚಿಕೊಳ್ಳುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ಘಾಟಿಯ ಚಾಲಕರು ಹೇಳುವುದು ಇದಕ್ಕಾಗಿಯೇ. ಇನ್ನು ಹಿಂದಕ್ಕೆ ಸರಿಸುವುದು: ಒಂದು ಟ್ರೇಲರಾದರೆ ಸ್ಟಿಯರಿಂಗನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಹೇಗೋ ಸರಿಸಬಹುದು, ಎರಡಾದರೆ ನುರಿತವನಿಗೂ ಕಷ್ಟ. ಒಟ್ಟಿನಲ್ಲಿ ಚಾಲಕ ಮುಂದೆ ನೋಡುತ್ತ, ತನ್ನ ಕಣ್ಣಿಗೆ ಕಾಣದ ಕೊನೆಯ ಗಾಲಿಯ ದಾರಿಯನ್ನು ಮನಸ್ಸಿನಲ್ಲೇ ನಡೆಯಬೇಕು.

ಹಲವು ಬಂಡಿಗಳನ್ನು ಒಂದೇ ಎಂಜಿನ್ನಿಗೆ ಕಟ್ಟುವ ಆಸೆ ಹೊಸದಲ್ಲ. 1870ರ ದಶಕದಲ್ಲಿ ಕ್ರಾಂಪ್ಟನ್ ಎಂಬ ಸೇನಾಧಿಕಾರಿ, ಥಾಮ್ಸನ್ ರೂಪಿಸಿದ, ರಬ್ಬರು ಪಟ್ಟಿಯ ಗಾಲಿಗಳ ಹಬೆ ಎಂಜಿನ್ನಿಗೆ ಬಂಡಿಗಳನ್ನು ಕಟ್ಟಿ ಪಂಜಾಬಿನ ರಸ್ತೆಗಳಲ್ಲಿ ಓಡಿಸಿದ್ದುಂಟು. ಆಸ್ಟ್ರೇಲಿಯದ ಒಳನಾಡಿನಲ್ಲಿ, ರೈಲಿಲ್ಲದ ಬಟ್ಟಬಯಲಿನಲ್ಲಿ, 1934ರಲ್ಲಿ ಸರಕಾರವೇ ಎರಡು ಟ್ರೇಲರುಗಳ ‘ರಸ್ತೆರೈಲ’ನ್ನು ಓಡಿಸಿತು. ಎರಡನೆಯ ಮಹಾಯುದ್ಧದ ಬಳಿಕ ಆಲಿಸ್ ಸ್ಪ್ರಿಂಗ್ಸ್‌ನ ಕರ್ಟ್ ಯೊಹಾನ್‌ಸೆನ್ ಎಂಬಾತ ಯುದ್ಧದ ಹಳೆಯ ಲಾರಿಗೆ ತಾನೇ ಕಟ್ಟಿದ ಟ್ರೇಲರುಗಳನ್ನು ಪೋಣಿಸಿ ದನಗಳನ್ನು ಸಾಗಿಸಿದ. ಅಲ್ಲಿ ಇಂದು ಐವತ್ತಮೂರು ಮೀಟರಿಗೂ ಉದ್ದದ ರಸ್ತೆರೈಲುಗಳಿವೆ. ನನ್ನ ಮನಸ್ಸನ್ನು ಹಿಡಿದದ್ದು ಆ ಉದ್ದವಲ್ಲ. ಸರಕಾರದ ಆ ಮೊದಲ ರಸ್ತೆರೈಲಿನಲ್ಲಿಯೇ, ಯೊಹಾನ್‌ಸೆನ್ನನ ಟ್ರೇಲರುಗಳಲ್ಲಿಯೂ, ಟ್ರೇಲರಿನ ಗಾಲಿಗಳು ತಾವಾಗಿ ತಿರುಗಿ ಮುಂದಿನ ಗಾಲಿಯ ಜಾಡನ್ನೇ ಹಿಡಿಯುವಂಥ ವ್ಯವಸ್ಥೆಯಿತ್ತು. ಎಂದರೆ, ಹಿಂದಿನ ಗಾಲಿ ದೇವರ ಕೈಯಲ್ಲಿರಬೇಕಾಗಿಲ್ಲವೆಂದು ಮನುಷ್ಯರು ಆಗಲೇ ಅರಿತಿದ್ದರು.

ಅದರ ಇನ್ನೊಂದು ರೂಪ ಇಂದು ನಮ್ಮ ರಸ್ತೆಗಳಲ್ಲೂ ಕಾಣುತ್ತದೆ. ಭಾರಿ ಟ್ರಾನ್ಸ್‌ಫಾರ್ಮರಿನಂಥ ಹೊರೆಗಳನ್ನು ಸಾಗಿಸಲು ಸಾಲುಸಾಲು ಅಚ್ಚುಗಳನ್ನು ಒಂದಕ್ಕೊಂದು ಜೋಡಿಸಿದ ಹೈಡ್ರಾಲಿಕ್ ಟ್ರೇಲರುಗಳಿವೆ. ಮುಂದೊಂದು ಯಂತ್ರ ಎಳೆಯುತ್ತದೆ, ಬೇಕಾದಲ್ಲಿ ಹಿಂದೊಂದು ನೂಕುತ್ತದೆ, ಅಚ್ಚಚ್ಚೂ ತಿರುಗುತ್ತದೆ. ಬಿಕ್ಕಟ್ಟಿನ ತಿರುವಿನಲ್ಲಿ ಹಿಂಗಾಲಿಗಳನ್ನು ತಿರುಗಿಸಲೆಂದೇ ಒಬ್ಬನಿರುತ್ತಾನೆ. ಬದಿಯಲ್ಲಿ ನಡೆಯುತ್ತ ಸನ್ನೆ ಮಾಡುವವರು, ಮೇಲಿನ ತಂತಿಗಳನ್ನು ಎತ್ತಿಹಿಡಿಯುವವರು ಇರುತ್ತಾರೆ. ಅಂಥದೊಂದು ಮಾಣಿಯಲ್ಲಿ ತಿರುಗಿದ್ದನ್ನು ನಾನು ನಿಂತು ನೋಡಿದೆ. ಅಜ್ಜನ ಬಂಡಿಸಾಲು ನೆನಪಾಯಿತು. ಅತಿ ದೊಡ್ಡ ಭಾರಕ್ಕೆ ನಾವು ಮತ್ತೆ ಹತ್ತು ಜನರನ್ನು ಕೊಟ್ಟಿದ್ದೇವೆ. ನಡುವಣ ಭಾರಗಳನ್ನು ಮಾತ್ರ ಒಬ್ಬನ ಹೆಗಲಿಗೆ ಬಿಟ್ಟಿದ್ದೇವೆ.

ಹೊಣೆ ಒಬ್ಬನಲ್ಲಿ ಕೂಡಿದಾಗ ಅದರ ಬೆಲೆಯೇನೆಂಬುದನ್ನು ನಮ್ಮ ದಾರಿ ಬಲ್ಲದು. 2013ರ ಏಪ್ರಿಲ್ 9ರಂದು ಮಾಣಿಗೂ ಉಪ್ಪಿನಂಗಡಿಗೂ ನಡುವಣ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರೊಂದು ಉರುಳಿ, ಬೆಂಕಿ ಹತ್ತಿ, ಮನೆಗಳಲ್ಲಿದ್ದವರು ಬೆಂದುಹೋದರು. 2018ರಲ್ಲೂ 2024ರಲ್ಲೂ ಮಳೆಗೆ ಶಿರಾಡಿಯ ಗುಡ್ಡ ಕುಸಿದು ಲಾರಿಗಳು ದಿನಗಟ್ಟಲೆ ಸಾಲುನಿಂತವು. 2020ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು ನಮ್ಮ ದೇಶದಲ್ಲೂ 25.25 ಮೀಟರಿನ ರಸ್ತೆರೈಲಿಗೆ ಎಡೆಮಾಡಿವೆ. ರಸ್ತೆ ಅಗಲವಾಗಿದೆ, ಕಲ್ಲಡ್ಕದಲ್ಲಿ ಮೇಲ್ಸೇತುವೆ ಎದ್ದಿದೆ. ಇವೆಲ್ಲ ಬೇಕಾದವೇ. ಆದರೆ ಅಪಘಾತವಾದ ಮರುದಿನ ನಾವು ‘ಚಾಲಕನ ಅಜಾಗರೂಕತೆ’ ಎಂಬ ಎರಡು ಪದಗಳಲ್ಲಿ ಚರಿತ್ರೆ ಬರೆದು ಮುಗಿಸುತ್ತೇವೆ. ಅಜಾಗರೂಕರು ಇಲ್ಲವೆಂದು ನಾನು ಹೇಳುವುದಿಲ್ಲ. ತಿರುವನ್ನು ಬಂಡಿಯ ಅಳತೆಗೆ ಕಡಿದವರು, ಆ ತಿರುವಿನಲ್ಲಿ ಟ್ರೇಲರ್ ಓಡಿಸಲು ಬಿಟ್ಟವರು, ಒಳಬದಿಯಲ್ಲಿ ನಿಲ್ಲಬಾರದೆಂದು ಒಬ್ಬ ಹುಡುಗನಿಗೂ ಹೇಳಿಕೊಡದ ನನ್ನಂಥ ಮೇಷ್ಟ್ರುಗಳು, ಇವರೆಲ್ಲರ ಅಜಾಗರೂಕತೆಯೂ ಆ ಎರಡು ಪದಗಳಲ್ಲಿ ಅಡಗಿ ಕುಳಿತಿರುತ್ತದೆ ಎಂದಷ್ಟೇ ನನ್ನ ಮಾತು.

ನಾನು ಮೂವತ್ತು ವರ್ಷ ಶಾಸನಗಳನ್ನು ಓದಿದೆ, ಓದಿಸಿದೆ. ಕಲ್ಲಿನ ಮೇಲೆ ಸವೆದುಹೋದ ಒಂದು ಅಕ್ಷರವನ್ನು ಊಹಿಸಲು ದಿನಗಟ್ಟಲೆ ಕುಳಿತಿದ್ದೇನೆ. ನನ್ನ ಅಂಗಳದಲ್ಲಿ ಒಬ್ಬ ಮನುಷ್ಯ ಸ್ಪಷ್ಟವಾಗಿ ಆಡಿದ ಒಂದು ವಾಕ್ಯವನ್ನು ಮಾತ್ರ ಓದಲಾರದೆ ಹೋದೆ. ಜಮಖಂಡಿಯಿಂದ ರಜೆಗೆ ಮರಳಿದಾಗ ಮಾವನಿಗೆ ಹೇಳಬೇಕೆಂದುಕೊಂಡೆ. ಆ ಹೊತ್ತಿಗೆ ಅವರಿರಲಿಲ್ಲ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಮುಂದೊಮ್ಮೆ ಮಾಣಿಯಲ್ಲೋ ನಿಮ್ಮೂರಿನ ತಿರುವಿನಲ್ಲೋ ಉದ್ದನೆಯದೊಂದು ವಾಹನ ನಿಧಾನವಾಗಿ ತಿರುಗುತ್ತಿದ್ದರೆ, ಒಳಬದಿಯನ್ನು ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಜತೆಯಲ್ಲಿ ಮಕ್ಕಳಿದ್ದರೆ ಅವರ ಕೈಹಿಡಿದು ಕೊನೆಯ ಗಾಲಿಯನ್ನು ತೋರಿಸಿ. ಅದು ಹಾದುಹೋಗುವ ತನಕ ಕಾಯಿರಿ.